ಐದು ದಿನದ ಹ್ಯಾಂಡ್‌ಗನ್ ತರಬೇತಿ: ಹೊರಡುವ ಮುನ್ನ ನಮ್ಮವರು ಕೇಳುವ ಪ್ರಶ್ನೆಗಳು

ಕಳೆದ ಅಕ್ಟೋಬರಿನಲ್ಲಿ ಅರಿಜೋನಾದ ಎತ್ತರದ ಮರುಭೂಮಿಯಲ್ಲಿ ಐದು ದಿನದ ಆತ್ಮರಕ್ಷಣೆಯ ಅಡ್ವಾನ್ಸ್ಡ್ ಹ್ಯಾಂಡ್‌ಗನ್ ಕೋರ್ಸ್ ಮುಗಿಸಿ ಡಲ್ಲಾಸಿಗೆ ಮರಳಿದೆ. ಅಂದಿನಿಂದ ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಪ್ರಸಾದ ಕೈಗೆ ಬರುವ ಮೊದಲೇ ಪ್ರಶ್ನೆ ಬರುತ್ತಿದೆ. ಕೆಲವರಿಗೆ ಕುತೂಹಲ, ಕೆಲವರಿಗೆ ತಾವೂ ಹೋಗಬೇಕೆಂಬ ಆಸೆ, ಇನ್ನು ಕೆಲವರಿಗೆ "ಇವನಿಗೇನಾಯ್ತು" ಎಂಬ ಅನುಮಾನ. ಮೂರೂ ಬಗೆಯವರಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ನಾನು ವಕೀಲನಲ್ಲ, ತರಬೇತುದಾರನೂ ಅಲ್ಲ. ದುಡ್ಡು ಕೊಟ್ಟು ಕಲಿತು ಬಂದ ವಿದ್ಯಾರ್ಥಿ, ಅಷ್ಟೇ.

ನಿಮಗ್ಯಾಕೆ ಬೇಕಿತ್ತು ಇದೆಲ್ಲ?

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ. ಅಜ್ಜನ ಕೋವಿ ಜಗಲಿಯ ಗೋಡೆಗೆ ನೇತುಬಿದ್ದಿರುತ್ತಿತ್ತು. ಹಂದಿ, ಮಂಗ ಓಡಿಸಲು ವರ್ಷಕ್ಕೆ ನಾಲ್ಕು ಈಡು. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಶೀದಿ ತರುವುದು, ಮುಗಿದ ಮೇಲೆ ಮತ್ತೆ ಬಿಡಿಸಿಕೊಂಡು ಬರುವುದು. ಹಾಗಾಗಿ ಬಂದೂಕೆಂದರೆ ನನಗೆ ಗೊತ್ತು ಅಂತಲೇ ಅಂದುಕೊಂಡಿದ್ದೆ.

ಇಲ್ಲಿ ನಮ್ಮ ಬೀದಿಯಲ್ಲಿ ಒಂದು ಮನೆಗೆ ಕಳ್ಳರು ನುಗ್ಗಿದ ವಾರವೇ ಅಂಗಡಿಗೆ ಹೋಗಿ 9 ಎಂಎಂ ಪಿಸ್ತೂಲು ತಂದೆ. ಎರಡು ವರ್ಷದಲ್ಲಿ ಅದನ್ನು ಹೊರತೆಗೆದದ್ದು ನಾಲ್ಕು ಸಲ. ಒಂದು ರಾತ್ರಿ ಗ್ಯಾರೇಜಿನಲ್ಲಿ ಏನೋ ಬಿದ್ದ ಸದ್ದಾಯಿತು. ಪೆಟ್ಟಿಗೆಯ ಮುಂದೆ ನಿಂತೆ, ಕೋಡ್ ನೆನಪಾಗಲಿಲ್ಲ. ನೆನಪಾದ ಮೇಲೆ ಚೇಂಬರಿನಲ್ಲಿ ತೋಟಾ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬಿದ್ದದ್ದು ಮಗನ ಸೈಕಲ್. ಮಾರನೇ ದಿನ ಕೋರ್ಸ್ ಹುಡುಕಲು ಕೂತೆ.

ನಾನು ಎಚ್-1ಬಿ ಮೇಲಿದ್ದೇನೆ. ಹೋಗಬಹುದಾ?

ಈ ಒಂದು ಉತ್ತರವನ್ನು ದಯವಿಟ್ಟು ಎರಡು ಸಲ ಓದಿ. ನಮ್ಮವರು ತಿಳಿಯದೆ ಕಾಲಿಡುವ ಗುಂಡಿ ಇದು.

ಎಚ್-1ಬಿ, ಎಚ್-4, ಎಲ್-1, ಎಫ್-1 ಇವೆಲ್ಲ ವಲಸೆಯೇತರ ವೀಸಾಗಳು. ಇಂಥ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. "ಹೊಂದಿರುವುದು" ಅಂದರೆ ಕೊಳ್ಳುವುದು ಮಾತ್ರ ಅಲ್ಲ. ಶನಿವಾರ ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಕೈಯಲ್ಲಿ ಹಿಡಿದರೂ ಅದೇ. ಆ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕುವುದು ನಮ್ಮ ವಿರುದ್ಧದ ಸಾಕ್ಷಿಯನ್ನು ನಾವೇ ಹಂಚಿದಂತೆ. ಗರಿಷ್ಠ ಶಿಕ್ಷೆ 15 ವರ್ಷ ಜೈಲು. ಜೊತೆಗೆ ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣವಾಗುತ್ತದೆ.

ವಿನಾಯಿತಿಗಳಿವೆ. ಎಲ್ಲಕ್ಕಿಂತ ಬಳಕೆಯಲ್ಲಿರುವುದು, ಅಮೆರಿಕದ ಯಾವುದಾದರೊಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಜೀವಮಾನದಲ್ಲಿ ಜಿಂಕೆಗೆ ಕಲ್ಲೆಸೆಯದ ಶುದ್ಧ ಸಸ್ಯಾಹಾರಿಯ ಪರ್ಸಿನಲ್ಲಿ ಬೇಟೆ ಲೈಸೆನ್ಸ್ ಇರುವುದು ನೋಡಿದರೆ ನಗು ಬರುತ್ತದೆ, ಆದರೆ ಕಾನೂನು ಇರುವುದೇ ಹಾಗೆ. ಅವಧಿ ಮುಗಿಯಿತೋ, ರಕ್ಷಣೆಯೂ ಮುಗಿಯಿತು. ರಾಜ್ಯಗಳ ಕಾನೂನು ಇದರ ಮೇಲೆ ಇನ್ನೊಂದು ಪದರ. ಶಾಲೆಗಳು ಪೌರತ್ವದ ಅಥವಾ ಗ್ರೀನ್ ಕಾರ್ಡಿನ ದಾಖಲೆ ಕೇಳಿ, ಇಲ್ಲದವರನ್ನು ಸೇರಿಸಿಕೊಳ್ಳದೆಯೂ ಇರಬಹುದು. ನಿಮ್ಮ ಇಮಿಗ್ರೇಷನ್ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ನಾನು ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಒಂದು ತೋಟಾವನ್ನೂ ಮುಟ್ಟಲಿಲ್ಲ.

ಇನ್ನೊಂದು ಮಾತು. ಗಾಂಜಾ ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗಬಹುದು. ಕೇಂದ್ರದ ಲೆಕ್ಕದಲ್ಲಿ ಅದನ್ನು ಸೇದುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬಂದೂಕಿನ ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಫಾರ್ಮಿನಲ್ಲೇ ಆ ಪ್ರಶ್ನೆ ಇದೆ.

"ಅಡ್ವಾನ್ಸ್ಡ್" ಅಂದರೆ ಸಿನಿಮಾದ ಥರ ಉರುಳಿ ಹೊಡೆಯುವುದಾ?

ಯಾರೂ ಉರುಳಲಿಲ್ಲ. ನನ್ನ ಮೊಣಕಾಲು ಉರುಳುವ ಸ್ಥಿತಿಯಲ್ಲೂ ಇಲ್ಲ.

ಈ ಬಗೆಯ ಶಾಲೆಗಳ ಮೂಲ ಅರಿಜೋನಾದಲ್ಲೇ ಇದೆ. ಜೆಫ್ ಕೂಪರ್ ಎಂಬ ನಿವೃತ್ತ ಮರೀನ್ ಅಧಿಕಾರಿ 1976ರಲ್ಲಿ ಪಾಲ್ಡೆನ್ ಎಂಬ ಊರಿನ ಹತ್ತಿರ ಅಮೆರಿಕನ್ ಪಿಸ್ಟಲ್ ಇನ್‌ಸ್ಟಿಟ್ಯೂಟ್ ತೆರೆದರು. ಇಂದಿನ ಗನ್‌ಸೈಟ್ ಅದೇ. ಅಲ್ಲಿಯ ತನಕ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ಕಾಗದದ ವೃತ್ತಕ್ಕೆ ನಿಧಾನವಾಗಿ ಗುರಿ ಇಡುವುದೇ ವಿದ್ಯೆ ಎನಿಸಿಕೊಂಡಿತ್ತು. ಎರಡು ಕೈಯ ಹಿಡಿತ, ಒರೆಯಿಂದ ತೆಗೆಯುವ ಕ್ರಮ, ಕ್ಷಣಮಾತ್ರ ಕಣ್ಣಿಗೆ ಬಿದ್ದ ಸೈಟನ್ನು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು) ನಂಬುವುದು, ಇವನ್ನೆಲ್ಲ ಒಂದು ಪಾಠವಾಗಿ ಹೆಣೆದವರು ಕೂಪರ್. ಎರಡು ಕೈಯ ಆ ನಿಲುವನ್ನು ಅವರು ನೋಡಿ ಕಲಿತದ್ದು ಲಾಸ್ ಏಂಜಲಿಸಿನ ಜ್ಯಾಕ್ ವೀವರ್ ಎಂಬ ಶೆರಿಫ್ ಡೆಪ್ಯುಟಿಯಿಂದ, ಅಂದರೆ ಪೊಲೀಸಿನವರಿಂದ. ಕೂಪರ್ 2006ರಲ್ಲಿ ತೀರಿಕೊಂಡರು. ಅಲ್ಲಿನ ಐದು ದಿನದ ಕೋರ್ಸಿಗೆ "250" ಅಂತ ಹೆಸರು. ನಾನು ಹೋದದ್ದು ಬೇರೊಂದು ಚಿಕ್ಕ ಶಾಲೆಗೆ, ಆದರೆ ಪಾಠದ ಬೆನ್ನೆಲುಬು ಅದೇ: ಮನಸ್ಥಿತಿ, ಬಂದೂಕಿನ ನಿರ್ವಹಣೆ, ಗುರಿ. ಈ ಮೂರರಲ್ಲಿ ಗುರಿ ಕೊನೆಗೆ ಬರುವುದನ್ನು ಗಮನಿಸಿ.

(ಗನ್‌ಸೈಟಿನಲ್ಲಿ ಒಣ ಹಳ್ಳದಗುಂಟ ನಡೆಯುತ್ತ ಗುರಿ ಹುಡುಕುವ ಜಾಗಕ್ಕೆ "ಡೊಂಗಾ" ಅಂತಾರೆ. ಆಫ್ರಿಕಾದ ಮಾತು, ಕೊರಕಲು ಎಂದರ್ಥ. ತೆಲುಗಿನಲ್ಲಿ ದೊಂಗ ಎಂದರೆ ಕಳ್ಳ. ನಮ್ಮ ಬ್ಯಾಚಿನ ತೆಲುಗು ಗೆಳೆಯನಿಗೆ ಇದನ್ನು ಹೇಳಿದಾಗ, "ಹೆಸರು ಸರಿಯಾಗೇ ಇಟ್ಟಿದ್ದಾರೆ, ಕಳ್ಳನನ್ನು ಹುಡುಕುವ ಜಾಗ" ಅಂದ.)

ಮುಂದುವರಿದ ತರಬೇತಿ ಎಂದರೆ ಹೊಸ ಕಸರತ್ತಲ್ಲ. ಮೂಲಪಾಠವನ್ನೇ ಕತ್ತಲೆಯಲ್ಲಿ, ಒಂದೇ ಕೈಯಲ್ಲಿ, ನಡೆಯುತ್ತ, ಟೈಮರಿನ ಬೀಪ್ ಕಿವಿಗೆ ಬಿದ್ದೊಡನೆ, ಎದೆ ಹೊಡೆದುಕೊಳ್ಳುತ್ತಿರುವಾಗ ತಪ್ಪದೆ ಮಾಡುವುದು. ಸಂಗೀತ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ: ಅದೇ ಸರಳೆ ವರಸೆ, ಮೂರನೇ ಕಾಲದಲ್ಲಿ. ಒರೆಯಿಂದ ಪಿಸ್ತೂಲು ತೆಗೆದು ಗೊತ್ತಿಲ್ಲದವರು, ತಾವಾಗಿ ಮ್ಯಾಗಝಿನ್ (ಪಿಸ್ತೂಲಿನ ಹಿಡಿಯೊಳಗೆ ಕೂರುವ ತೋಟಾದ ಡಬ್ಬಿ) ತುಂಬಿ ಗೊತ್ತಿಲ್ಲದವರು ಮೊದಲು ಒಂದು ದಿನದ ಪ್ರಾಥಮಿಕ ಕೋರ್ಸ್ ಮಾಡಿ. ಇಲ್ಲವಾದರೆ ನಿಮ್ಮ ದುಡ್ಡೂ ವ್ಯರ್ಥ, ಪಕ್ಕದವರ ಸಮಯವೂ ವ್ಯರ್ಥ.

ಖರ್ಚೆಷ್ಟು?

ಹೆಸರಾದ ಶಾಲೆಗಳಲ್ಲಿ ಐದು ದಿನದ ಶುಲ್ಕ 2,000 ಡಾಲರಿನ ಆಸುಪಾಸು. ತೋಟಾ ಸುಮಾರು 1,000 ಬೇಕು. ಅಭ್ಯಾಸದ 9 ಎಂಎಂ ತೋಟಾ ನನಗೆ ಒಂದಕ್ಕೆ 25 ಸೆಂಟಿನಂತೆ ಬಿತ್ತು. ಬಾಡಿಗೆ ಕಾರು, ಮೋಟೆಲ್, ವಿಮಾನ ಸೇರಿಸಿದರೆ ಊರಿಗೆ ಹೋಗಿ ಬರುವ ಟಿಕೆಟ್ಟಿನ ಖರ್ಚು ದಾಟುತ್ತದೆ. ನನ್ನ ಹೆಂಡತಿ ಈ ಹೋಲಿಕೆಯನ್ನು ಈಗಲೂ ನೆನಪಿಸುತ್ತಿರುತ್ತಾಳೆ.

ಏನೇನು ಒಯ್ಯಬೇಕು?

ಶಾಲೆಯವರು ಪಟ್ಟಿ ಕಳಿಸುತ್ತಾರೆ, ಅದನ್ನು ಮರು ಮಾತಿಲ್ಲದೆ ಪಾಲಿಸಿ. ಪಟ್ಟಿಯಲ್ಲಿ ಇಲ್ಲದ್ದನ್ನು ಮಾತ್ರ ಹೇಳುತ್ತೇನೆ.

ಬೆಲ್ಟಿಗೆ ಜಿಪುಣತನ ಬೇಡ. ನಾನು ಆಫೀಸಿನ ಚರ್ಮದ ಬೆಲ್ಟ್ ಕಟ್ಟಿಕೊಂಡು ಹೋದೆ. ಪಿಸ್ತೂಲು, ಎರಡು ಮ್ಯಾಗಝಿನ್ ಭಾರಕ್ಕೆ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಜಾರಿ, ಪ್ರತಿ ಸಲ ಒರೆಗೆ ಕೈ ಹಾಕಿದಾಗ ಒರೆಯೇ ಮೇಲೆದ್ದು ಬರುತ್ತಿತ್ತು. ಗಟ್ಟಿ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಗಡಸು ಒರೆ, ಇವೆರಡು ಸರಿಯಿದ್ದರೆ ಅರ್ಧ ಗೆದ್ದಂತೆ.

ಕುತ್ತಿಗೆ ಮುಚ್ಚುವ ಅಂಗಿ ತೊಡಿ. ಪಕ್ಕದವರ ಪಿಸ್ತೂಲಿನಿಂದ ಹಾರಿದ ಖಾಲಿ ಹಿತ್ತಾಳೆ ಕೇಸು ಕಾಲರಿನೊಳಗೆ ಬಿದ್ದರೆ ಒಗ್ಗರಣೆ ಸಾಸಿವೆ ಸಿಡಿದ ಹಾಗಲ್ಲ, ಒಗ್ಗರಣೆ ಸೌಟೇ ಬೆನ್ನಿಗೆ ತಾಗಿದ ಹಾಗೆ. ಆಗ ಕೈಯಲ್ಲಿ ತುಂಬಿದ ಪಿಸ್ತೂಲಿರುತ್ತದೆ, ಮೈ ಕುಣಿಯಬೇಕು ಅನ್ನುತ್ತದೆ. ಕುಣಿಯಕೂಡದು. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ, ಪಿಸ್ತೂಲನ್ನು ಒರೆಗೆ ಸೇರಿಸಿ, ಆಮೇಲೆ ಅಂಗಿ ಜಾಡಿಸಿ. ಮಹಿಳೆಯರು ತಾಳಿ ಸರ, ದುಪಟ್ಟಾ ವಿಷಯದಲ್ಲೂ ಇದನ್ನೇ ಯೋಚಿಸಬೇಕು. ನಮ್ಮ ಬ್ಯಾಚಿನಲ್ಲಿದ್ದ ಬೆಳಗಾವಿ ಕಡೆಯ ಅಕ್ಕ ಒಬ್ಬರು ಸರವನ್ನು ಕಾಲರಿನೊಳಗೆ ಹಾಕಿ ಮೇಲೊಂದು ಹತ್ತಿ ಕರವಸ್ತ್ರ ಬಿಗಿದಿದ್ದರು. ಐದು ದಿನದಲ್ಲಿ ಒಮ್ಮೆಯೂ ತೊಂದರೆಯಾಗಲಿಲ್ಲ. ಗುರಿಯಲ್ಲೂ ನಮ್ಮೆಲ್ಲರಿಗಿಂತ ಮುಂದಿದ್ದರು.

ಕಿವಿಗೆ ಎರಡು ಪದರ: ಒಳಗೆ ಬೆಂಡಿನ ಪ್ಲಗ್, ಮೇಲೆ ಎಲೆಕ್ಟ್ರಾನಿಕ್ ಮಫ್. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ. ಒಂದೇ ಈಡಿಗೆ ಕಿವಿಗೆ ಶಾಶ್ವತ ಪೆಟ್ಟು ಬೀಳಲು 140 ಸಾಕು.

ಪಿಸ್ತೂಲನ್ನು ವಿಮಾನದಲ್ಲಿ ಒಯ್ಯುವುದು ಹೇಗೆ?

ಚೆಕ್-ಇನ್ ಲಗೇಜಿನಲ್ಲಿ ಮಾತ್ರ. ಖಾಲಿ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೌಂಟರಿನಲ್ಲಿ "ಇದರಲ್ಲಿ ಬಂದೂಕಿದೆ" ಅಂತ ತಿಳಿಸಬೇಕು. ಅವರೊಂದು ಕಾರ್ಡಿಗೆ ಸಹಿ ಹಾಕಿಸುತ್ತಾರೆ. ತೋಟಾ ಅದರದೇ ಡಬ್ಬಿಯಲ್ಲಿರಬೇಕು. ಹೆಚ್ಚಿನ ವಿಮಾನ ಸಂಸ್ಥೆಗಳ ಮಿತಿ 11 ಪೌಂಡು, ಅಂದರೆ 5 ಕಿಲೋ. 1,000 ತೋಟಾ ಅದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ. ಹಾಗಾಗಿ ತೋಟಾವನ್ನು ಅಲ್ಲೇ ಕೊಳ್ಳುವುದು ಜಾಣತನ.

ದಾರಿಯ ರಾಜ್ಯಗಳ ಕಾನೂನು ನೋಡಿಕೊಳ್ಳಿ. ನ್ಯೂಜೆರ್ಸಿ, ನ್ಯೂಯಾರ್ಕುಗಳಲ್ಲಿ 10 ತೋಟಾ ಮೀರಿದ ಮ್ಯಾಗಝಿನ್ ಇಟ್ಟುಕೊಳ್ಳುವಂತಿಲ್ಲ. 2005ರಲ್ಲಿ ಯೂಟಾದ ಒಬ್ಬ ಪ್ರಯಾಣಿಕನಿಗೆ ನ್ಯೂವಾರ್ಕಿನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗು ಬಿಡಿಸಿಕೊಂಡು ರಾತ್ರಿ ಹೋಟೆಲಿನಲ್ಲಿ ಉಳಿದು, ಬೆಳಿಗ್ಗೆ ಕೌಂಟರಿನಲ್ಲಿ ಪ್ರಾಮಾಣಿಕವಾಗಿ ಬಂದೂಕಿದೆ ಅಂದ. ಬಂಧಿಸಿದರು. ಆಮೇಲೆ ಮೊಕದ್ದಮೆ ಕೈಬಿಟ್ಟರೂ ಅವನು ಹೂಡಿದ ದಾವೆಯನ್ನು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ರಾತ್ರಿ ಬ್ಯಾಗು ಅವನ ಕೈಗೆ ಬಂದದ್ದೇ ಅವನಿಗೆ ಮುಳುವಾಯಿತು. ನಾನು ಡಲ್ಲಾಸಿನಿಂದ ಫೀನಿಕ್ಸಿಗೆ ನೇರ ವಿಮಾನವನ್ನೇ ಹಿಡಿದೆ, 60 ಡಾಲರ್ ಹೆಚ್ಚು ಕೊಟ್ಟು.

ದಿನ ಹೇಗಿರುತ್ತದೆ?

ಬೆಳಿಗ್ಗೆ ಎಂಟಕ್ಕೆ ಶುರು. 4,000 ಅಡಿ ಎತ್ತರದ ಮರುಭೂಮಿ, ಅಕ್ಟೋಬರಿನ ಬೆಳಿಗ್ಗೆ ಕೈ ಮರಗಟ್ಟುತ್ತದೆ, ಹನ್ನೊಂದಕ್ಕೆ ಬಿಸಿಲು ನೆತ್ತಿ ಸುಡುತ್ತದೆ. ಮೊದಲ ದಿನ ಮಧ್ಯಾಹ್ನದ ತನಕ ಒಂದೂ ಈಡಿಲ್ಲ. ಸುರಕ್ಷತೆ, ಗಾಯವಾದರೆ ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿಯನ್ನು ಯಾರು ಕಟ್ಟಬೇಕು, ಯಾರು 911ಕ್ಕೆ ಕರೆ ಮಾಡಬೇಕು, ಯಾರ ಕಾರು ಗೇಟಿನ ಹತ್ತಿರ ನಿಲ್ಲಬೇಕು, ಹೆಲಿಕಾಪ್ಟರ್ ಎಲ್ಲಿ ಇಳಿಯಬಹುದು, ಇಷ್ಟೂ ಹೆಸರು ಹಿಡಿದು ಹಂಚಿದರು. ಆಮೇಲೆ 3, 5, 7 ಗಜದಿಂದ ಶುರುವಾಗಿ 25 ಗಜದ ತನಕ. ತೋಟಾ ಸಿಡಿಯದಿದ್ದರೆ ಏನು, ಖಾಲಿ ಕೇಸು ಸಿಕ್ಕಿಕೊಂಡರೆ ಏನು, ಎರಡು ತೋಟಾ ಒಟ್ಟಿಗೆ ನುಗ್ಗಿದರೆ ಏನು. ಈ ಅಡಚಣೆಗಳನ್ನು ನೂರಾರು ಸಲ ಬಿಡಿಸಿದೆವು. ನಾಲ್ಕನೇ ರಾತ್ರಿ ಟಾರ್ಚ್ ಹಿಡಿದು ಕತ್ತಲ ಪಾಠ. ಮೋಟೆಲಿಗೆ ಬಂದು ಬಿದ್ದರೆ ಬೆರಳ ತುದಿಯಲ್ಲಿ ಬೊಬ್ಬೆ, ಮ್ಯಾಗಝಿನ್ ತುಂಬಿ ತುಂಬಿ ಹೆಬ್ಬೆರಳು ಬಾಗದು. ಮ್ಯಾಗಝಿನ್ ಲೋಡರ್ ಎಂಬ ಪ್ಲಾಸ್ಟಿಕ್ ಉಪಕರಣ ಇಪ್ಪತ್ತು-ಮೂವತ್ತು ಡಾಲರಿಗೆ ಸಿಗುತ್ತದೆ ಎಂಬುದು ನನಗೆ ತಿಳಿದದ್ದು ಮೂರನೇ ದಿನ.

ಅಪಾಯ ಆಗುವುದಿಲ್ಲವಾ?

ಕೂಪರ್ ರೂಪಿಸಿದ ನಾಲ್ಕು ನಿಯಮಗಳನ್ನು ಎಲ್ಲ ಶಾಲೆಗಳೂ ಹೇಳಿಕೊಡುತ್ತವೆ. ಯಾವ ಬಂದೂಕೇ ಆಗಲಿ, ತುಂಬಿದೆ ಎಂದೇ ತಿಳಿ. ನಾಶವಾದರೂ ಪರವಾಗಿಲ್ಲ ಎನ್ನುವುದರ ಹೊರತು ಬೇರಾವುದರ ಮೇಲೂ ನಳಿಗೆ ಹಾಯಿಸಬೇಡ. ಸೈಟು ಗುರಿಯ ಮೇಲೆ ಕೂರುವ ತನಕ ಬೆರಳು ಟ್ರಿಗರಿಗೆ ಹೋಗಕೂಡದು. ಗುರಿ ಯಾವುದು, ಅದರ ಹಿಂದೆ ಏನಿದೆ, ಗೊತ್ತಿರಲಿ. ಅನಾಹುತ ಆಗಬೇಕಾದರೆ ಹೆಚ್ಚಿನ ಸಲ ಇವುಗಳಲ್ಲಿ ಎರಡಾದರೂ ಒಟ್ಟಿಗೆ ಮುರಿಯಬೇಕು.

ನನ್ನಜ್ಜ ಇದನ್ನೇ ಒಂದೇ ಮಾತಲ್ಲಿ ಹೇಳುತ್ತಿದ್ದ: "ಖಾಲಿ ಕೋವಿಯೇ ಕೊಲ್ಲೋದು ಮಾರಾಯ."

ಎಲ್ಲಕ್ಕಿಂತ ಕಷ್ಟವಾದ ಪಾಠ ಬೇರೆಯೇ. ಪಿಸ್ತೂಲು ಕೈ ಜಾರಿದರೆ ಹಿಡಿಯಬೇಡ, ಬೀಳಲಿ ಬಿಡು. ಈಗಿನ ಪಿಸ್ತೂಲುಗಳನ್ನು ಬಿದ್ದರೆ ಸಿಡಿಯದಂತೆ ಕಟ್ಟಿರುತ್ತಾರೆ. ಗಾಳಿಯಲ್ಲಿ ಬಾಚಿ ಹಿಡಿಯಲು ಹೋದ ಬೆರಳು ಟ್ರಿಗರಿಗೆ ಸಿಕ್ಕರೆ ಸಿಡಿಯುತ್ತದೆ. ಬೀಳುವ ಲೋಟವನ್ನು ನೆಲ ಮುಟ್ಟುವ ಮೊದಲು ಹಿಡಿದು ಶಭಾಷ್ ಅನ್ನಿಸಿಕೊಂಡು ಬೆಳೆದ ಕೈ ನಮ್ಮದು. ಎರಡನೇ ದಿನ ನನ್ನ ಮ್ಯಾಗಝಿನ್ ಕೆಳಗೆ ಬಿತ್ತು. ಯೋಚಿಸದೆ ಬಗ್ಗಿದೆ. ಬಲಗೈಯ ಪಿಸ್ತೂಲು ಎಡಕ್ಕೆ ತಿರುಗಿ ಪಕ್ಕದವರ ಕಾಲಿನ ಹತ್ತಿರ ಹಾಯಿತು. ಹೆಗಲ ಮೇಲೆ ಒಂದು ಕೈ ಬಿತ್ತು, ಗಟ್ಟಿಯಾಗಿ. ತರಬೇತುದಾರರು ಕೂಗಲಿಲ್ಲ. ಒರೆಗೆ ಹಾಕಿಸಿ, ಸಾಲಿನಿಂದ ಹಿಂದೆ ಕರೆದು ಬೆಂಚಿನ ಮೇಲೆ ಕೂರಿಸಿದರು. "ಇನ್ನೊಂದು ಸಲ ಆದರೆ ಮನೆಗೆ." ಅರ್ಧ ಗಂಟೆ ಎಲ್ಲರೂ ಹೊಡೆಯುವುದನ್ನು ನೋಡುತ್ತ ಕೂತೆ. ಆ ಅರ್ಧ ಗಂಟೆಗೆ ಕೊಟ್ಟ ದುಡ್ಡು ಸಾರ್ಥಕ.

ಸಿಮ್ಯುಲೇಟರ್ ಮನೆ ಅಂದರೇನು?

ಮೇಲ್ಛಾವಣಿ ಇಲ್ಲದ, ಗುಂಡು ಹೊರಗೆ ಹೋಗದಂತೆ ಕಟ್ಟಿದ ನಾಲ್ಕು ಕೋಣೆಯ ಮನೆ. ಬಾಗಿಲು, ಸೋಫಾ, ಅಡುಗೆಮನೆ ಎಲ್ಲ ಇರುತ್ತದೆ. ಒಳಗೆ ಆಳೆತ್ತರದ ಮನುಷ್ಯರ ಚಿತ್ರಗಳು, ಕೆಲವರ ಕೈಯಲ್ಲಿ ಆಯುಧ, ಕೆಲವರ ಕೈಯಲ್ಲಿ ಬೇರೆ ಏನೋ. ಒಬ್ಬೊಬ್ಬರಾಗಿ ಹೋಗಬೇಕು, ನಮ್ಮ ಬೆನ್ನಿಗೆ ಕೈ ಇಟ್ಟುಕೊಂಡು ತರಬೇತುದಾರರು ಹಿಂದೆಯೇ ಬರುತ್ತಾರೆ.

ನಾನು ಮೊದಲ ಕೋಣೆ ಸಲೀಸಾಗಿ ದಾಟಿದೆ. ಎರಡನೇ ಬಾಗಿಲು ತಳ್ಳಿದಾಗ ಎಡಮೂಲೆಯಲ್ಲಿ ಹೂಡಿ (ಟೋಪಿ ಇರುವ ಸ್ವೆಟ್‌ಶರ್ಟ್) ತೊಟ್ಟ ಒಬ್ಬ ಹುಡುಗ, ಎದೆಯ ಮಟ್ಟಕ್ಕೆ ಏನೋ ಕಪ್ಪಗಿನದು ಹಿಡಿದಿದ್ದ. ಎರಡು ಈಡು. ಚೆನ್ನಾಗಿಯೇ ಬಿದ್ದಿದ್ದವು, ಎರಡೂ ಅಂಗೈಯಗಲದೊಳಗೆ.

"ಕೈಯಲ್ಲೇನಿತ್ತು?" ಹಿಂದಿನಿಂದ ದನಿ ಬಂತು.

"ಪಿಸ್ತೂಲು."

"ಹತ್ತಿರ ಹೋಗಿ ನೋಡು."

ಫೋನು. ವಿಡಿಯೋ ಮಾಡುವಾಗ ಹಿಡಿಯುವಂತೆ ಅಡ್ಡಕ್ಕೆ ಹಿಡಿದ ಫೋನು. "ಇನ್ನು ಅವನ ಹಿಂದೆ ಹೋಗು" ಅಂದರು. ತೆಳು ಹಲಗೆಯ ಆಚೆ ಇನ್ನೊಂದು ಚಿತ್ರವಿತ್ತು, ಎಂಟು ಹತ್ತು ವರ್ಷದ ಹುಡುಗಿ. ನನ್ನ ಎರಡು ತೂತುಗಳಲ್ಲಿ ಒಂದು ಅವಳ ಭುಜದಲ್ಲೂ ಇತ್ತು.

ತರಬೇತುದಾರರು ಏನೂ ಹೇಳಲಿಲ್ಲ. ತೂತುಗಳಿಗೆ ಕಂದು ಬಣ್ಣದ ಅಂಟುಪಟ್ಟಿ ಹಚ್ಚಲು ಉರುಳೆಯನ್ನು ನನ್ನ ಕೈಗೇ ಕೊಟ್ಟರು. ಮನೆಯಲ್ಲಿರುವ ನನ್ನ ಮಗನೂ ಹೂಡಿಯನ್ನೇ ತೊಡುವುದು, ಫೋನನ್ನು ಹಾಗೆಯೇ ಹಿಡಿಯುವುದು. ಊರಿನ ಮಣ್ಣಿನ ಗೋಡೆಯ ಲೆಕ್ಕ ಇಲ್ಲಿ ನಡೆಯದು. ಅಮೆರಿಕದ ಮನೆಯ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆ. 9 ಎಂಎಂ ಗುಂಡು ಅಂಥ ಒಂದೆರಡು ಗೋಡೆಗಳನ್ನು ಹಾದೂ ಅಪಾಯಕಾರಿಯಾಗೇ ಇರುತ್ತದೆ. ಆ ರಾತ್ರಿ ಮೋಟೆಲಿನಲ್ಲಿ ಕೂತು ನಮ್ಮ ಮನೆಯ ನಕ್ಷೆ ಬರೆದು, ಯಾವ ಗೋಡೆಯ ಆಚೆ ಯಾರು ಮಲಗುತ್ತಾರೆ ಅಂತ ಗುರುತು ಹಾಕಿದೆ. ನಮ್ಮ ಮಲಗುವ ಕೋಣೆಯ ಬಾಗಿಲಿನಿಂದ ಸುರಕ್ಷಿತವಾಗಿ ಹೊಡೆಯಬಹುದಾದ ದಿಕ್ಕು ಒಂದೇ ಒಂದು ಇತ್ತು.

ಹಾಗಾದರೆ ಕಳ್ಳ ಬಂದರೆ ಏನು ಮಾಡಬೇಕು?

ಮಕ್ಕಳನ್ನು ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, 911ಕ್ಕೆ ಕರೆ ಮಾಡಿ, ಕೂತಲ್ಲೇ ಕೂರುವುದು. ಐದು ದಿನದ ತರಬೇತಿ ಪಡೆದವನ ಉತ್ತರ ಇದು. ಮನೆಯೆಲ್ಲ ಹುಡುಕುತ್ತ ಹೋಗುವುದು ಎಷ್ಟು ಕೆಟ್ಟ ಯೋಚನೆ ಎಂದು ಆ ಸಿಮ್ಯುಲೇಟರ್ ಚೆನ್ನಾಗಿ ತಿಳಿಸಿಕೊಡುತ್ತದೆ.

ಕಾನೂನಿನ ಪಾಠಕ್ಕೆಂದು ಅರ್ಧ ದಿನ ವಕೀಲರೊಬ್ಬರು ಬಂದಿದ್ದರು. ಎದುರಿನವನಿಗೆ ಪ್ರಾಣ ತೆಗೆಯುವ ಶಕ್ತಿ ಇರಬೇಕು, ಅದಕ್ಕೆ ಆಸ್ಪದ ಇರಬೇಕು, ಆ ಕ್ಷಣವೇ ಜೀವಕ್ಕೆ ಅಪಾಯ ಇರಬೇಕು. ಮೂರೂ ಕೂಡಿ ಬಂದಾಗ ಮಾತ್ರ ಪ್ರಾಣಾಂತಿಕ ಬಲದ ಮಾತು. ಓಡಿಹೋಗುವವನ ಬೆನ್ನಿಗೆ ಹೊಡೆಯುವುದು ಆತ್ಮರಕ್ಷಣೆ ಅಲ್ಲ. ಕದ್ದ ಟಿವಿ ಇನ್ಶೂರೆನ್ಸಿನವರ ತಲೆನೋವು. ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ, ಟೆಕ್ಸಾಸಿನದನ್ನು ಕ್ಯಾಲಿಫೋರ್ನಿಯಾಕ್ಕೆ ಹೊತ್ತುಕೊಂಡು ಹೋಗಬೇಡಿ.

ಕೂಪರ್ ಬಣ್ಣಗಳ ಲೆಕ್ಕವೊಂದನ್ನು ಬಿಟ್ಟುಹೋಗಿದ್ದಾರೆ: ಬಿಳಿ ಎಂದರೆ ಮೈಮರೆವು, ಹಳದಿ ಎಂದರೆ ನಿರಾಳವಾದ ಎಚ್ಚರ, ಕಿತ್ತಳೆ ಎಂದರೆ ನಿರ್ದಿಷ್ಟವಾದದ್ದೇನನ್ನೋ ಗಮನಿಸಿದ್ದು, ಕೆಂಪು ಎಂದರೆ ಸಿದ್ಧ. ರಾತ್ರಿ ಹತ್ತಕ್ಕೆ ಪೆಟ್ರೋಲ್ ಬಂಕಿನಲ್ಲಿ ವಾಟ್ಸ್ಆ್ಯಪ್ ನೋಡುತ್ತ ನಿಲ್ಲುವ ನಾವೆಲ್ಲ ಅಪ್ಪಟ ಬಿಳಿ. ಕೋರ್ಸಿನಿಂದ ನನ್ನಲ್ಲಿ ನಿಜವಾಗಿ ಬದಲಾದದ್ದೇನು ಅಂದರೆ, ಈಗ ಬಂಕಿನಲ್ಲಿ ಫೋನ್ ಜೇಬಿನಲ್ಲಿರುತ್ತದೆ.

ನನಗೆ ನಲವತ್ತೆಂಟು, ಪ್ರೊಗ್ರೆಸಿವ್ ಕನ್ನಡಕ. ಆಗುತ್ತದಾ?

ಆಗುತ್ತದೆ, ಆದರೆ ಸಿದ್ಧತೆ ಬೇಕು. ಪಿಸ್ತೂಲಿನಲ್ಲಿ ಕಣ್ಣು ನೆಡಬೇಕಾದದ್ದು ಮುಂದಿನ ಸೈಟಿನ ಮೇಲೆ, ತೋಳಿನಷ್ಟು ದೂರದಲ್ಲಿ. ಪ್ರೊಗ್ರೆಸಿವ್ ಕನ್ನಡಕದಲ್ಲಿ ಆ ದೂರ ಸ್ಪಷ್ಟವಾಗುವುದು ಗಾಜಿನ ಮಧ್ಯದಿಂದ ಕೆಳಕ್ಕೆ. ಹಾಗಾಗಿ ನಾವು ಕೋಳಿಯ ಥರ ಗಲ್ಲ ಎತ್ತಿ ನೋಡುತ್ತೇವೆ, ಸಂಜೆಗೆ ಕತ್ತು ಹಿಡಿಯುತ್ತದೆ. ಎರಡು ದಾರಿ: ತೋಳಿನ ದೂರಕ್ಕೆ ಸರಿಹೊಂದುವ ಬೇರೆ ಕನ್ನಡಕ ಮಾಡಿಸುವುದು, ಅಥವಾ ರೆಡ್ ಡಾಟ್ ಸೈಟ್ ಹಾಕಿಸುವುದು. ರೆಡ್ ಡಾಟಿನಲ್ಲಿ ಕಣ್ಣು ಗುರಿಯ ಮೇಲೇ ಇರುತ್ತದೆ, ಕೆಂಪು ಚುಕ್ಕೆ ತಾನಾಗಿ ಅಲ್ಲಿ ಕೂರುತ್ತದೆ. ಚುಕ್ಕೆಯನ್ನು ಹುಡುಕುವ ಚಾಳಿ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಕೋರ್ಸಿಗೆ ಹೊರಡುವ ಹಿಂದಿನ ವಾರ ಹಾಕಿಸಬೇಡಿ.

ಊಟ? ನಾವು ಸಸ್ಯಾಹಾರಿಗಳು.

ಊಟ ಏನು ಅನ್ನುವುದಕ್ಕಿಂತ ಹೇಗೆ ಅನ್ನುವುದು ಮುಖ್ಯ. ತೋಟಾದಲ್ಲಿ ಸೀಸ ಇದೆ, ಗುಂಡಿನಲ್ಲೂ, ಹಿಂಬದಿಯ ಪ್ರೈಮರಿನಲ್ಲೂ. ದಿನಕ್ಕೆ 200 ಈಡು ಹೊಡೆದರೆ ಕೈ, ತೋಳು, ಗಡ್ಡ, ಟೋಪಿಯ ಮೇಲೆಲ್ಲ ಅದರ ಪುಡಿ. ನಾವು ಚಪಾತಿ ಮುರಿಯುವುದು ಆ ಬೆರಳಲ್ಲೇ. ಉಳಿದವರು ಕವರಿನ ಸಮೇತ ಸ್ಯಾಂಡ್‌ವಿಚ್ ಹಿಡಿದು ತಿನ್ನುವಾಗ ನಮ್ಮ ತಟ್ಟೆಗೆ ಸೀಸದ ಒಗ್ಗರಣೆ. ತಣ್ಣೀರಿನಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಿರಿ. ಸ್ಯಾನಿಟೈಜರ್ ಸೀಸವನ್ನು ತೆಗೆಯುವುದಿಲ್ಲ. ಆದರೂ ನಾನು ಚಮಚ ಬಳಸಿದೆ: ಅವಲಕ್ಕಿ, ಚಟ್ನಿಪುಡಿ, ಮೊಸರಿನ ಡಬ್ಬಿ. ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬೂಟು ಹೊರಗೇ ಇರಲಿ, ಆ ವಿಷಯದಲ್ಲಿ ನಮ್ಮ ಸಂಪ್ರದಾಯವೇ ಸರಿ. ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬೇಡಿ. ಬಸುರಿಯರು, ಎದೆಹಾಲು ಕೊಡುವವರು ಈ ಕೋರ್ಸನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು.

ಮನೆಯಲ್ಲಿ ಮಕ್ಕಳಿದ್ದಾರೆ. ಎಲ್ಲಿಡುವುದು?

ಬೀರುವಿನ ಮೇಲೆ, ಸೀರೆಯ ಅಡಿಯಲ್ಲಿ, ದೇವರ ಕೋಣೆಯಲ್ಲಿ, ಇವು ಯಾವುವೂ "ಇಟ್ಟಂತೆ" ಅಲ್ಲ. ನೀವು ದೀಪಾವಳಿ ಉಡುಗೊರೆ ಎಲ್ಲಿ ಬಚ್ಚಿಡುತ್ತೀರಿ ಅಂತ ಮಕ್ಕಳಿಗೆ ಗೊತ್ತಿರುತ್ತದೆ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿದ, ಬೀಗವಿರುವ ಪೆಟ್ಟಿಗೆ ಬೇಕು. ಅದಾಗದಿದ್ದರೆ ಪಿಸ್ತೂಲನ್ನೇ ಕೊಳ್ಳಬೇಡಿ.

ಇನ್ನೊಂದನ್ನು ನಮ್ಮವರು ಬಾಯಿ ಬಿಟ್ಟು ಮಾತಾಡುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆಗಳು. ಅಂದರೆ ಮನೆಯ ಪಿಸ್ತೂಲು ಎದುರಿಸುವ ಮೊದಲ ಅಪಾಯ ಕಿಟಕಿ ಒಡೆದು ಬರುವವನಲ್ಲ. ಲೇಆಫ್ ಆಗಿ ವೀಸಾದ 60 ದಿನದ ಗಡುವು ಎಣಿಸುತ್ತಿರುವವರು, ಪರೀಕ್ಷೆಯಲ್ಲಿ ನಪಾಸಾದ ಹದಿಹರೆಯದವರು, ಒಂಟಿತನಕ್ಕೆ ಬಿದ್ದವರು ಇರುವ ಮನೆಯಿಂದ ಸದ್ಯಕ್ಕೆ ಅದನ್ನು ಹೊರಗೆ ಕಳಿಸಿ. ಕೆಲವು ಬಂದೂಕಿನ ಅಂಗಡಿಗಳು, ರೇಂಜುಗಳು ಇರಿಸಿಕೊಳ್ಳುತ್ತವೆ, ಕೇಳಿ ನೋಡಿ. ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಮಾತಾಡುವವರಿದ್ದಾರೆ. ನಮ್ಮ ಗೆಳೆಯರ ಬಳಗದಲ್ಲೊಬ್ಬ ಕೆಲಸ ಹೋದ ವಾರ ತಾನಾಗಿಯೇ ಬಂದು ತನ್ನ ಪೆಟ್ಟಿಗೆಯ ಬೀಗದ ಕೈಯನ್ನು ನನ್ನ ಹತ್ತಿರ ಕೊಟ್ಟು ಹೋದ. ನಾನು ಯಾಕೆಂದು ಕೇಳಲಿಲ್ಲ, ಕಾಫಿ ಮಾಡಿಕೊಟ್ಟೆ.

ಆಯುಧ ಪೂಜೆಗೆ ಇಡಬಹುದಾ?

ಖಾಲಿ ಮಾಡಿ, ಇನ್ನೊಬ್ಬರಿಗೂ ತೋರಿಸಿ, ತೋಟಾವನ್ನು ಬೇರೆ ಕೋಣೆಯಲ್ಲಿಟ್ಟು ಇಡಿ. ಕುಂಕುಮ ಸ್ಲೈಡಿನೊಳಗೆ (ಪಿಸ್ತೂಲಿನ ಮೇಲ್ಭಾಗದ ಜಾರುವ ಭಾಗ) ಬೀಳದಿರಲಿ. ಎಣ್ಣೆಯ ಜೊತೆ ಸೇರಿ ಕೆಂಪು ಗ್ರೀಸಾಗುತ್ತದೆ, ಅನುಭವದ ಮಾತು.

ಲೈಸೆನ್ಸ್ ಇದೆ, ಕನ್ನಡ ಕೂಟದ ಕಾರ್ಯಕ್ರಮಕ್ಕೆ ಸೊಂಟದಲ್ಲಿ ಇಟ್ಟುಕೊಂಡು ಹೋಗಬಹುದಾ?

ನಮ್ಮ ರಾಜ್ಯೋತ್ಸವ ನಡೆಯುವುದು ಎಲ್ಲಿ? ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಶಾಲೆಯ ಕಟ್ಟಡಕ್ಕೆ ಬಂದೂಕು ಒಯ್ದರೆ ಟೆಕ್ಸಾಸಿನಲ್ಲಿ ಅದು ಘೋರ ಅಪರಾಧ. ಅಂದು ಶಾಲೆಗೆ ರಜೆ ಇತ್ತು ಎಂಬ ಸಬೂಬು ನಂಬಿ ಕೂರಬೇಡಿ. 2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ನಿಜ. ಆದರೆ ಶಾಲೆಯ 1,000 ಅಡಿಯೊಳಗೆ ಕೇಂದ್ರದ ಕಾನೂನು ಬೇರೆ ಇದೆ, ರಾಜ್ಯದ ಲೈಸೆನ್ಸ್ ಇರುವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ದೇವಸ್ಥಾನದ ಬಾಗಿಲಲ್ಲಿ 30.06, 30.07 ಎಂದು ಬರೆದ ಫಲಕವಿದ್ದರೆ (ಬಂದೂಕು ಒಳಗೆ ತರಬೇಡಿ ಎನ್ನುವ ಟೆಕ್ಸಾಸ್ ಕಾನೂನಿನ ಕಲಂಗಳು) ಓದಿ, ಹಿಂದಿರುಗಿ.

ಊರಿಗೆ ಹೋದಾಗ ಈ ವಿದ್ಯೆಯಿಂದ ಏನಾದರೂ ಉಪಯೋಗ?

ಇಲ್ಲ. ಅಲ್ಲಿನ ಕಾನೂನೇ ಬೇರೆ, 1959ರ ಶಸ್ತ್ರಾಸ್ತ್ರ ಕಾಯಿದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಉಳಿದವರಿಗೆ ಜಿಲ್ಲಾಡಳಿತದ ಮೆಟ್ಟಿಲು ಹತ್ತಿ ಇಳಿಯುವ ಕೆಲಸ.

ಆದರೆ ಊರಿಗೆ ಹೋಗುವವರು ತಪ್ಪದೆ ಮಾಡಬೇಕಾದ್ದೊಂದಿದೆ. ರೇಂಜಿಗೆ ಒಯ್ದ ಬ್ಯಾಗು, ಜಾಕೆಟ್, ಪ್ಯಾಂಟು ಇವನ್ನು ಬೆಂಗಳೂರಿನ ವಿಮಾನ ಹತ್ತಿಸಬೇಡಿ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ತೋಟಾ ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಪೊಲೀಸ್ ಕೇಸು. ಗೊತ್ತಿಲ್ಲದೆ ಬಂದದ್ದು ಎಂದು ಹೈಕೋರ್ಟುಗಳು ಇಂಥ ಕೇಸುಗಳನ್ನು ರದ್ದು ಮಾಡಿದ್ದುಂಟು. ಅಲ್ಲಿಯ ತನಕ ನಿಮ್ಮ ರಜೆ, ಪಾಸ್‌ಪೋರ್ಟು, ನೆಮ್ಮದಿ ಏನಾಗುತ್ತದೆ ಯೋಚಿಸಿ.

ನನ್ನ ರೇಂಜಿನ ಬ್ಯಾಗಿನ ಹಿಡಿಕೆಗೆ ಹೆಂಡತಿ ಕೆಂಪು ರವಿಕೆ ಬಟ್ಟೆಯ ಚೂರು ಕಟ್ಟಿದ್ದಾಳೆ. ಅದು ಗ್ಯಾರೇಜು ದಾಟಿ ಒಳಗೆ ಬರುವಂತಿಲ್ಲ. ಕಳೆದ ವಾರ ಅರಿಜೋನಾದ ಆ ಜಾಕೆಟ್ಟನ್ನು ಒಗೆಯಲು ಹಾಕುವ ಮುಂಚೆ ಒಳಜೇಬು ತಿರುವಿದೆ. ಒಂದು ಖಾಲಿ ಕೇಸು ಠಣ್ ಎಂದು ನೆಲಕ್ಕೆ ಬಿತ್ತು. ಹಿಡಿಯಲು ಹೋಗಲಿಲ್ಲ.